ಸ್ವಂತ ತಮ್ಮ

ಮಗನ ಹೆಂಡತಿಯನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿ ಸುತ್ತಿ ಬಳಸಿ ಚಿಕ್ಕಪ್ಪನ ಬುಡಕ್ಕೆ ಬಂದು ನಿಂತಿತು.

ಹೊಸ ಕಾಯಿದೆ ಹಾಗಿತ್ತು. ಹೊರಗಿನಿಂದ ಬಂದು ನೆಲೆಸಿದ ಮನೆಯವರು ಇನ್ನೊಬ್ಬರನ್ನು ದೇಶದೊಳಕ್ಕೆ ಕರೆಸಿಕೊಳ್ಳುವುದಾದರೆ, ಆ ಮನೆಗೆ ಹಿಂದೆ ಬಂದವರೆಲ್ಲ ಯಾವ ಬಾಗಿಲಿಂದ ಬಂದರು ಎಂಬುದನ್ನು ಮತ್ತೆ ಮೊದಲಿನಿಂದ ನೋಡಬೇಕು. ವಲಸೆ ಕಚೇರಿಯವರು ನೋಡಿದರು. ಯಜಮಾನರದು ಸರಿಯಿತ್ತು. ಮನೆಯಾಕೆಯದೂ ಸರಿಯಿತ್ತು. ಚಿಕ್ಕಪ್ಪನ ಸರದಿ ಬಂದಾಗ, ಅಣ್ಣ ತಮ್ಮ ಇಬ್ಬರೂ ಕಚೇರಿಗೆ ಬಂದು ಬಾಯಿಯ ಎಂಜಲು ಕೊಟ್ಟು, ಒಂದೇ ರಕ್ತವೆಂದು ತೋರಿಸಬೇಕು ಎಂದು ಕರೆ ಕಳಿಸಿದರು.

ಕೆಳಗೆ ಲಾಂಡ್ರಿ, ಮೇಲೆ ಮನೆ. ಹೋಟೆಲುಗಳ ಹಾಸಿಗೆ ಬಟ್ಟೆ, ದಿಂಬಿನ ಗವಸು, ಟವೆಲುಗಳನ್ನು ಅಣ್ಣ ತಮ್ಮ ಇಬ್ಬರೇ ಒಗೆದು, ಇಸ್ತ್ರಿ ಮಾಡಿ, ಮಡಚಿ ಕಳಿಸುತ್ತಿದ್ದರು. ಹಬೆ ನೆಲದ ಹಲಗೆಗಳ ಸಂದಿನಿಂದ ಮೇಲಕ್ಕೇರಿ ಅಡುಗೆಮನೆಯ ಕಿಟಕಿ ಸದಾ ಬೆವರುತ್ತಿತ್ತು. ಚಿಕ್ಕಪ್ಪ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, ಬಟ್ಟೆ ಒಣಗಲಿ ಆಮೇಲೆ ನೋಡೋಣ ಎನ್ನುತ್ತಿದ್ದ. ಮನೆಯ ಇಬ್ಬರು ಮಕ್ಕಳು ಕರೆದದ್ದನ್ನು ಕೇಳಿ ಇಡೀ ಬೀದಿಯೂ ಅವನನ್ನು ಚಿಕ್ಕಪ್ಪ ಎನ್ನುತ್ತಿತ್ತು. ಭಾಷೆ ಗೊತ್ತಿಲ್ಲದ ಅಕ್ಕಪಕ್ಕದವರು ಅದೇ ಅವನ ಹೆಸರು ಅಂದುಕೊಂಡಿದ್ದರು.

ಕರೆ ಬಂದ ದಿನ ಊಟದ ಹೊತ್ತಿಗೆ ಮಗಳು ವಿಷಯ ಬಿಡಿಸಿ ಹೇಳಿದಳು. ಅವಳು ವಲಸೆ ಕಚೇರಿಯಲ್ಲೇ ದುಭಾಷಿ. ಹೊಸದಾಗಿ ಬಂದವರ ಮಾತನ್ನು ಅಧಿಕಾರಿಗಳಿಗೂ, ಅಧಿಕಾರಿಗಳ ಮಾತನ್ನು ಬಂದವರಿಗೂ ದಾಟಿಸುವುದು ಅವಳ ಕೆಲಸ.

"ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು," ಎಂದಳು ಮನೆಯಾಕೆ, ಬೇಳೆಯ ಪಾತ್ರೆಯನ್ನು ಮೇಜಿನ ನಡುವೆ ಇಡುತ್ತ. "ಯಾರ ಎಂಜಲು ಯಾರದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?"

ಮಗಳು ನಗಲಿಲ್ಲ. "ಅಪ್ಪ, ಚಿಕ್ಕಪ್ಪ ನಿನ್ನ ಸ್ವಂತ ತಮ್ಮನಾ?"

"ಇದೆಂಥ ಪ್ರಶ್ನೆ? ತಮ್ಮ ಅಂದ್ರೆ ತಮ್ಮ."

"ಸ್ವಂತನಾ?"

"ನಮ್ಮ ಚಿಕ್ಕಪ್ಪನ ಮಗ," ಎಂದರು ಯಜಮಾನರು. "ಆ ಉಪ್ಪು ಈಕಡೆ ಕೊಡು."

ಉಪ್ಪನ್ನು ಯಾರೂ ಕೊಡಲಿಲ್ಲ. ಮಗ ತುತ್ತನ್ನು ತಟ್ಟೆಗೆ ಇಳಿಸಿದ. ಅವನು ಬಸ್ ಡ್ರೈವರ್. ಮದುವೆಯಾದ ಮೇಲೆ ಹೆಂಡತಿಯ ಜೊತೆ ಒಂದೇ ಒಂದು ತಿಂಗಳು ಇದ್ದವನು. ಆಕೆ ಸಮುದ್ರದಾಚೆ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದುಕೊಂಡು, ಇಲ್ಲಿನ ಕಾಯಿದೆ ಬದಲಾದಾಗಲೆಲ್ಲ ಫೋನಿನಲ್ಲಿ ಅಳುತ್ತಿದ್ದಳು.

"ಇಷ್ಟು ವರ್ಷ ನಮ್ಮಿಂದ ಮುಚ್ಚಿಟ್ರಾ?" ಎಂದ ಮಗ.

"ಯಾರೋ ಮುಚ್ಚಿಟ್ಟಿದ್ದು?" ಎಂದಳು ಮನೆಯಾಕೆ. "ಅಪ್ಪನ ಜೊತೆ ಹುಟ್ಟಿದ್ರೂ ಚಿಕ್ಕಪ್ಪ, ಅಪ್ಪನ ಚಿಕ್ಕಪ್ಪನ ಮಗ ಆದ್ರೂ ಚಿಕ್ಕಪ್ಪ. ನಿನಗೆ ಇನ್ನೇನಂತ ಕರೆಯೋಕೆ ಕಲಿಸಬೇಕಿತ್ತು?"

ಚಿಕ್ಕಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಕೊನೆಗೆ ಉಪ್ಪನ್ನು ಅಣ್ಣನ ಕಡೆ ಸರಿಸಿದವನು ಅವನೇ.

ಆ ಮನೆಯಲ್ಲಿ ಒಬ್ಬೊಬ್ಬರು ಬಂದದ್ದು ಒಂದೊಂದು ಕಾಲದ ಕಾಯಿದೆಯ ಕೈ ಹಿಡಿದು. ಯಜಮಾನರು ಬಂದಾಗ ಈ ದೇಶಕ್ಕೆ ಆಳು ಬೇಕಿತ್ತು. ಗಿರಣಿಗಳು ಹಗಲೂ ರಾತ್ರಿ ನಡೆಯುತ್ತಿದ್ದ ಕಾಲ. ಏಜೆಂಟರು ದೂರದ ಬಂದರುಗಳಿಗೆ ಹೋಗಿ, ಸಾಲಾಗಿ ನಿಂತ ಹುಡುಗರ ಅಂಗೈ ಉಜ್ಜಿ ನೋಡಿ ಹಡಗು ಹತ್ತಿಸಿದರು. ಓದು ಬರಹ ಬರುತ್ತದೆ ಎಂದವರನ್ನು ಬಿಟ್ಟೇ ಬಂದರು ಎಂದು ಯಜಮಾನರು ಹೇಳುವುದಿತ್ತು. ಒಂದೆರಡು ವರ್ಷ ದುಡಿಸಿಕೊಂಡು ವಾಪಸು ಕಳಿಸುವ ಮಾತಾಗಿತ್ತು. ಆದರೆ ಕೆಲಸ ಕಲಿತವರನ್ನು ಕಳಿಸಿ ಕಲಿಯದವರನ್ನು ತರುವುದು ಗಿರಣಿಯವರಿಗೆ ಬೇಡವಾಯಿತು. ಹೆಂಡತಿಯರನ್ನು ಕರೆಸಿಕೊಳ್ಳಿ, ಆಗ ನೀವು ಸುಮ್ಮನೆ ಇಲ್ಲೇ ಇರುತ್ತೀರಿ ಎಂದು ಸರ್ಕಾರ ಹೇಳಿತು. ಹೆಂಡತಿಯರಿಗೆ ಎದೆಯ ಎಕ್ಸ್‌ರೇ ಮಾತ್ರ. "ನಿಮ್ಮಪ್ಪ ಕೈ ತೋರಿಸಿ ಬಂದೋರು, ನಾನು ಶ್ವಾಸಕೋಶ ತೋರಿಸಿ ಬಂದೋಳು," ಎಂದು ಮನೆಯಾಕೆ ಮಕ್ಕಳಿಗೆ ಹೇಳಿ ನಗಿಸುತ್ತಿದ್ದಳು.

ಆಮೇಲೆ ಬಂದ ಸರ್ಕಾರ, ಇವರೆಲ್ಲ ದುಡಿದದ್ದನ್ನು ಊರಿಗೆ ಕಳಿಸುತ್ತಾರೆ, ಒಡಹುಟ್ಟಿದವರೂ ಬರಲಿ, ದುಡ್ಡು ಇಲ್ಲೇ ಖರ್ಚಾಗಲಿ ಎಂದಿತು. ಆ ಬಾಗಿಲು ತೆರೆದಿದ್ದದ್ದು ಕೆಲವೇ ವರ್ಷ. ಅಷ್ಟರೊಳಗೆ ಯಜಮಾನರು ಕಚೇರಿಗೆ ಹೋಗಿ, ಊರಲ್ಲಿ ತಮ್ಮ ಇದ್ದಾನೆ ಎಂದರು. ದುಭಾಷಿ ಅದನ್ನು ದಾಟಿಸಿದ. ಚಿಕ್ಕಪ್ಪ ಬಂದ. ಅವನ ಅಪ್ಪ ಅಮ್ಮ ಅವನಿಗೆ ನಡೆಯಲು ಬರುವ ಮೊದಲೇ ತೀರಿಕೊಂಡಿದ್ದರು. ಸಾಕಿದ್ದು ಯಜಮಾನರ ತಾಯಿ. ಶಾಲೆಯಲ್ಲಿ ಬರೆಸಿದ್ದೂ ಅವರದೇ ಹೆಸರು. ಸುಳ್ಳು ಹೇಳುತ್ತಿದ್ದೇನೆ ಎಂದು ಯಜಮಾನರಿಗೆ ಅನ್ನಿಸಲೇ ಇಲ್ಲ.

ಗಿರಣಿಗಳು ಮುಚ್ಚಿದವು. ನಮ್ಮ ಕೆಲಸ ಅವರು ಕಿತ್ತುಕೊಂಡರು ಎಂದು ಬೀದಿಯಲ್ಲಿ ಕೂಗು ಎದ್ದಿತು. ಒಡಹುಟ್ಟಿದವರ ಬಾಗಿಲು ಮುಚ್ಚಿತು. ಆಮೇಲೆ ವಿದ್ಯೆಗೆ ಇಷ್ಟು ಅಂಕ, ವಯಸ್ಸಿಗೆ ಇಷ್ಟು, ಭಾಷೆಗೆ ಇಷ್ಟು ಎಂದು ಲೆಕ್ಕ ಹಾಕಿ ಒಳಗೆ ಬಿಡುವ ಪದ್ಧತಿ ಬಂತು. ಮಗನ ಹೆಂಡತಿ ಪರೀಕ್ಷೆ ಕಟ್ಟಿ ಪಾಸಾದಳು. ಅಷ್ಟರಲ್ಲಿ ಪಾಸಿನ ಗೆರೆಯನ್ನೇ ಏರಿಸಿದರು. ಮತ್ತೆ ಕಟ್ಟಿದಳು, ಮತ್ತೆ ಏರಿಸಿದರು. ಆಕೆ ಏಣಿ ಹತ್ತಿದಷ್ಟೂ ಅಟ್ಟ ಮೇಲಕ್ಕೆ ಹೋಯಿತು. ಈಗ ಅಂಕದ ಪದ್ಧತಿಯನ್ನೇ ಕೈಬಿಟ್ಟು ಮನೆತನ ಜಾಲಾಡುವುದಕ್ಕೆ ಇಳಿದಿದ್ದರು.

ಮಗಳಿಗೆ ಇದು ದಿನದ ಕೆಲಸ. ಮೊದಲೆಲ್ಲ ಬಂದವರು ಅಣ್ಣ ಎಂದರೆ ಅಣ್ಣ, ತಂಗಿ ಎಂದರೆ ತಂಗಿ ಎಂದು ದಾಟಿಸಿ ಮುಗಿಸುತ್ತಿದ್ದಳು. ಹೋದ ವರ್ಷದಿಂದ ಪ್ರತಿ ಸಂಬಂಧದ ಹಿಂದೆಯೂ 'ಸ್ವಂತನಾ' ಎಂದು ಸೇರಿಸಿ ಕೇಳಬೇಕೆಂದು ಹುಕುಂ ಆಗಿತ್ತು. ಜನ ಸಿಡುಕುತ್ತಿದ್ದರು. ಒಬ್ಬ ಮುದುಕಿಯಂತೂ, "ಸ್ವಂತ ಅಲ್ಲದೆ ಇನ್ನೇನು, ಬಾಡಿಗೆಗೆ ತಂದಿದ್ದೀನಾ?" ಎಂದು ಕೇಳಿ ಕುರ್ಚಿ ತಿರುಗಿಸಿ ಕೂತಿದ್ದಳು. ಆ ದಿನ ಮಗಳು ಅದನ್ನು ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು. ಈಗ ಯಾರಿಗೂ ನಗು ಬರುವಂತಿರಲಿಲ್ಲ.

ಅವಳ ಲೆಕ್ಕ ನೇರವಾಗಿತ್ತು. ಎಂಜಲಿನ ಪರೀಕ್ಷೆಯಲ್ಲಿ ಗೊತ್ತಾದರೆ ಅದು ಮೋಸ; ಅದಕ್ಕೆ ಮೊದಲೇ ನಾವಾಗಿ ಹೇಳಿದರೆ ತಪ್ಪು ಮಾಹಿತಿ. ಮೋಸವಾದರೆ ಚಿಕ್ಕಪ್ಪನನ್ನು ಹೊರಗೆ ಕಳಿಸುತ್ತಾರೆ, ಅಪ್ಪನದೂ ಅಲುಗಾಡಬಹುದು. ತಪ್ಪು ಮಾಹಿತಿಯಾದರೆ ಏನಾದರೂ ದಾರಿ ಉಂಟು. ಮೊದಲ ದಿನವೇ ಅವಳು ತನ್ನ ಮೇಲಿನವರಿಗೆ ಇದು ನಮ್ಮ ಮನೆಯ ವಿಷಯ ಎಂದು ತಿಳಿಸಿಬಿಟ್ಟಿದ್ದಳು. ಹಾಗಾಗಿ ಅಪ್ಪನ ಮಾತನ್ನು ಅವಳು ದಾಟಿಸುವಂತಿರಲಿಲ್ಲ.

ಮಗನಿಗೆ ಆ ಲೆಕ್ಕ ಹಿಡಿಸಲಿಲ್ಲ. ನಾವೇ ಹೋಗಿ ಹೇಳಿಕೊಂಡರೆ ಈ ಮನೆಯ ಯಾವ ಮಾತನ್ನು ಅವರು ನಂಬುತ್ತಾರೆ, ನನ್ನ ಹೆಂಡತಿಯ ಕಡತವನ್ನು ಮೂಲೆಗೆ ಎಸೆಯುತ್ತಾರೆ ಎಂದ. ವಾರವಿಡೀ ಇದೇ ಮಾತು. ಸಾಬೂನು ನೀರು ತಿರುವುವಾಗ, ಆಲೂಗಡ್ಡೆ ಸುಲಿಯುವಾಗ, ಮೆಟ್ಟಿಲ ಮೇಲೆ ಎದುರಾದಾಗ. ಕೊನೆಗೊಂದು ದಿನ ಅವನ ಬಾಯಿಂದ, ಚಿಕ್ಕಪ್ಪ ಸ್ವಲ್ಪ ದಿನ ಊರಿಗೆ ಹೋಗಿ ಇದ್ದುಬಿಟ್ಟರೆ ಅರ್ಜಿಯಲ್ಲಿ ಅವನ ಮಾತೇ ಬರುವುದಿಲ್ಲ ಎಂದು ಬಂತು.

"ಯಾವ ಊರಿಗೆ?" ಎಂದಳು ಮನೆಯಾಕೆ. "ಅಲ್ಲಿ ಇವನ ಮುಖ ಗುರುತು ಹಿಡಿಯೋ ನಾಯಿನೂ ಉಳಿದಿಲ್ಲ."

"ನನ್ನ ಹೆಂಡತಿ ಅಲ್ಲೇ ಇದ್ದಾಳಲ್ಲಮ್ಮ. ಅವಳ ವಯಸ್ಸೇನು ಕಾಯ್ತಾ ಇರುತ್ತಾ?"

ಸೊಸೆಗೆ ಮೂವತ್ತು ದಾಟಿತ್ತು. ಮಗುವಿನ ಕೋಣೆ ಎಂದು ಬಣ್ಣ ಬಳಿಸಿದ ಹಿಂದಿನ ಕೋಣೆಯಲ್ಲಿ ಹೋಟೆಲಿನ ಟವೆಲುಗಳ ಗಂಟುಗಳು ಕೂತಿದ್ದವು.

ಮಗ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಮನೆಯಾಕೆ ಡಬ್ಬಿ ಕಟ್ಟಿ, ಬಸ್ ಡಿಪೋಗೆ ಕೊಟ್ಟು ಬಾ ಎಂದು ಚಿಕ್ಕಪ್ಪನನ್ನೇ ಕಳಿಸಿದಳು. ಬೇರೆ ಯಾರೂ ಇರಲಿಲ್ಲ ಎಂದಲ್ಲ. ಅವಳಿಗೆ ಮನೆ ನಡೆಸುವುದು ಗೊತ್ತಿತ್ತು.

ಡಿಪೋದ ಗೋಡೆಯ ಪಕ್ಕ ಚಿಕ್ಕಪ್ಪ ಡಬ್ಬಿ ಹಿಡಿದು ನಿಂತಿದ್ದ. ಮಗ ಬಸ್ಸಿನಿಂದ ಇಳಿದು ಬಂದ. ಡಬ್ಬಿ ಬಿಚ್ಚಿ ಬ್ರೆಡ್ಡು ಮೊಟ್ಟೆ ತಿನ್ನತೊಡಗಿದ. ಅರ್ಧ ಮುಗಿದ ಮೇಲೆ ಹೇಳಿದ:

"ನೀನಾದ್ರೂ ಒಂದು ಮಾತು ಹೇಳಬಹುದಿತ್ತು, ಚಿಕ್ಕಪ್ಪ."

"ಏನಂತ ಹೇಳಲಿ? ನಾನು ನಿನ್ನ ಚಿಕ್ಕಪ್ಪ ಅಲ್ಲ ಅಂತನಾ?"

"ಹಾಗಲ್ಲ."

"ಮತ್ತೆ ಹೇಗೆ?"

ಮಗ ಮಿಕ್ಕ ಮೊಟ್ಟೆಯನ್ನು ಚಿಕ್ಕಪ್ಪನ ಕೈಗೆ ಕೊಟ್ಟ. ಚಿಕ್ಕಪ್ಪ ತಿಂದ. ಆಮೇಲೆ, ನಿನ್ನ ಹೆಂಡತಿ ಬರುತ್ತಾಳೆ, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಖಾಲಿ ಡಬ್ಬಿ ಹಿಡಿದು ಹೊರಟ.

ಆ ಮಾತಿನ ಅರ್ಥ ಮಾರನೆಯ ದಿನ ಗೊತ್ತಾಯಿತು. ಮಗಳ ಜೊತೆ ಕೆಲಸ ಮಾಡುವಾಕೆ ಚಹಾದ ಹೊತ್ತಿನಲ್ಲಿ ಅವಳ ಬಳಿ ಬಂದು, ನಿಮ್ಮ ಕಡೆಯವರೊಬ್ಬರು ಬೆಳಿಗ್ಗೆ ಕೌಂಟರಿಗೆ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಂದಳು. ಆತ ಕೌಂಟರಿನ ಮುಂದೆ ನಿಂತು, ತಪ್ಪೆಲ್ಲ ನನ್ನದು, ಅಣ್ಣನಿಗೆ ಏನೂ ಗೊತ್ತಿರಲಿಲ್ಲ ಎಂದು ಹೇಳಿದನಂತೆ. ಏನು ಗೊತ್ತಿರಲಿಲ್ಲ ಎಂದು ಗುಮಾಸ್ತ ಕೇಳಿದ್ದಾನೆ. ನಾನು ಅವನ ತಮ್ಮ ಅಲ್ಲ ಅಂತ ಗೊತ್ತಿರಲಿಲ್ಲ ಎಂದಿದ್ದಾನೆ. ಗುಮಾಸ್ತ ಪಕ್ಕದವನನ್ನು ಕರೆದು, ಇನ್ನೊಮ್ಮೆ ಹೇಳಿಸಿದ್ದಾನೆ. ಕೊಟ್ಟ ದಿನ ಅಣ್ಣನ ಜೊತೆಗೇ ಬನ್ನಿ ಎಂದು ಹೇಳಿ ಕಳಿಸಿದ್ದಾರೆ.

ಮಗಳು ಮನೆಗೆ ಬಂದು ಇದನ್ನು ಹೇಳಿದಾಗ ಯಜಮಾನರು ಅಂಗಡಿಯ ಬಾಗಿಲು ಎಳೆದು ಮೇಲೆ ಬಂದಿದ್ದರಷ್ಟೆ. ಕೈ ತೊಳೆಯದೆ ನೇರವಾಗಿ ತಮ್ಮನ ಮುಂದೆ ಹೋಗಿ ನಿಂತರು.

"ನನಗೆ ನನ್ನ ತಮ್ಮ ಯಾರು ಅಂತ ಗೊತ್ತಿಲ್ವೇನೋ? ಅಷ್ಟು ದಡ್ಡನಾ ನಾನು?"

"ನಿನ್ನ ಮೇಲೆ ಬರಬಾರದು ಅಂತ ಅಣ್ಣ."

"ನನ್ನ ಮೇಲೆ ಬರಬಾರದು ಅಂತ ನನ್ನನ್ನೇ ಕೋಡಂಗಿ ಮಾಡಿ ಬಂದೆಯಲ್ಲೋ."

ಮನೆಯಾಕೆ ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಗುತ್ತಿದ್ದಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರೂ ಆಗಲಿಲ್ಲ. "ಎಷ್ಟು ವರ್ಷದಿಂದ ಒಂದೇ ಚಾದರದ ಎರಡು ತುದಿ ಹಿಡಿದು ಮಡಚ್ತಾ ಇದ್ದೀರ," ಎಂದಳು. "ಅಣ್ಣನಿಗೆ ಗೊತ್ತೇ ಇರಲಿಲ್ವಂತೆ. ಆಚೆ ತುದೀಲಿ ಯಾರು ಇದ್ದಾರೆ ಅಂದ್ಕೊಂಡಿದ್ರಂತೆ, ಸಣ್ಣೋನೇ?" ಮಗನೂ ನಕ್ಕ. ಅಂದು ಅವನು ಮನೆಯಲ್ಲೇ ಉಂಡ. ಯಜಮಾನರು ಮಾತ್ರ ನಗಲಿಲ್ಲ. ಊಟ ಮುಗಿಸಿ ಎದ್ದು, ನಾನೇ ಹೇಳುತ್ತೇನೆ, ಇದ್ದದ್ದನ್ನು ಇದ್ದ ಹಾಗೆ, ಇನ್ನು ಈ ಮನೆಯಲ್ಲಿ ಯಾರೂ ಈ ವಿಷಯಕ್ಕೆ ಬುದ್ಧಿ ಉಪಯೋಗಿಸಬೇಡಿ ಎಂದರು.

ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ಅಧಿಕಾರಿ, ಒಬ್ಬ ಎಳೆಯ ದುಭಾಷಿ. ಎಂಜಲಿಗೆಂದು ಎರಡು ಸಣ್ಣ ಸೀಸೆಗಳನ್ನು ಆಗಲೇ ತಂದಿಟ್ಟಿದ್ದರು. ಯಜಮಾನರು ಕೂರುವ ಮೊದಲೇ ಶುರು ಮಾಡಿದರು. ಇವನು ನಮ್ಮ ಅಪ್ಪನ ತಮ್ಮನ ಮಗ, ಇವನ ಅಪ್ಪ ಅಮ್ಮ ತೀರಿಕೊಂಡ ಮೇಲೆ ನಮ್ಮಮ್ಮನೇ ಸಾಕಿದಳು, ಆ ಸೀಸೆಗಳು ಬೇಕಾಗುವುದಿಲ್ಲ, ತೊಳೆದು ಎತ್ತಿಡಿ ಎಂದರು. ಮತ್ತೆ ಅಂದು ತಮ್ಮ ಎಂದು ಯಾಕೆ ಹೇಳಿದಿರಿ ಎಂದು ಅಧಿಕಾರಿ ಕೇಳಿದ.

"ಅವತ್ತು ಕೇಳಿದ್ದು, ತಮ್ಮ ಇದ್ದಾನಾ ಅಂತ. ಇದ್ದ. ಹೌದು ಅಂದೆ."

"ಇವತ್ತು ಕೇಳಿದರೆ?"

"ಇವತ್ತೂ ತಮ್ಮನೇ. ಆದ್ರೆ ನೀವು ಸ್ವಂತ ಅಂತ ಒಂದು ಮಾತು ಸೇರಿಸಿದ್ದೀರಲ್ಲ, ಆ ಮಾತಿಗೆ ಅಲ್ಲ ಅಂತೀನಿ."

ಎಳೆಯ ದುಭಾಷಿ ಅದನ್ನು ದಾಟಿಸಲು ಬಹಳ ಹೊತ್ತು ತೆಗೆದುಕೊಂಡ. ಒಂದು ಪದಕ್ಕೆ ನಾಲ್ಕು ವಾಕ್ಯ ಬಳಸಿದ. ಅಧಿಕಾರಿ ಕೇಳಿಕೊಂಡು, ಬರೆದುಕೊಂಡು, ಹೋಗಿ ಎಂದ.

ತೀರ್ಪು ಬರಲು ಒಂದು ತಿಂಗಳಿನ ಮೇಲಾಯಿತು. ಅಷ್ಟು ದಿನವೂ ಕೆಳಗೆ ಬಾಗಿಲು ತಟ್ಟಿದರೆ ಚಿಕ್ಕಪ್ಪನ ಕೈಯಲ್ಲಿ ಇಸ್ತ್ರಿ ನಿಂತುಬಿಡುತ್ತಿತ್ತು. ಎರಡು ಚಾದರ ಸುಟ್ಟ. ಮನೆಯಾಕೆ ಸುಟ್ಟಿದ್ದನ್ನು ಕತ್ತರಿಸಿ ನೆಲ ಒರೆಸುವ ಬಟ್ಟೆ ಮಾಡಿದಳು.

ಬಂದ ತೀರ್ಪನ್ನು ಮಗಳು ಎರಡು ಸಲ ಓದಿ ಅರ್ಥ ಹೇಳಿದಳು. ಮೋಸವಲ್ಲ ಎಂದು ಒಪ್ಪಿದ್ದರು. ಯಜಮಾನರ ತಂಟೆಗೆ ಬರುವುದಿಲ್ಲ. ಒಡಹುಟ್ಟಿದವನೆಂದು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡು, ಬಹುಕಾಲ ಇಲ್ಲೇ ದುಡಿದವನೆಂಬ ಲೆಕ್ಕದಲ್ಲಿ ಚಿಕ್ಕಪ್ಪ ಇರಬಹುದು. ಆದರೆ ಯಾರ ತಪ್ಪು ಮಾಹಿತಿಯಿಂದ ಬಂದನೋ ಅವರ ಆಶ್ರಯದಲ್ಲಿ ಇರುವಂತಿಲ್ಲ. ಲಾಂಡ್ರಿಯಲ್ಲಿ ಕೂಲಿಗೆ ದುಡಿಯಲಿ. ಮನೆ ಬೇರೆ, ಒಲೆ ಬೇರೆ ಇರಬೇಕು. ಅಧಿಕಾರಿಗಳು ಹೇಳದೆ ಕೇಳದೆ ಬಂದು ನೋಡುತ್ತಾರೆ. ಸರಿಯಿದೆ ಎಂದು ಕಂಡರೆ ಅವನದು ಖಾಯಂ, ಮಗನ ಹೆಂಡತಿಯ ಕಡತವೂ ಮುಂದಕ್ಕೆ. ಸರಿಯಿಲ್ಲವೆಂದು ಕಂಡರೆ ಎರಡೂ ಇಲ್ಲ.

"ಅಂದ್ರೆ ಭಾಗ ಆಗಿ ಅಂತಾರೆ," ಎಂದಳು ಮನೆಯಾಕೆ. "ನಮ್ಮ ಮನೆ ಒಡೆಯೋಕೆ ಇಷ್ಟು ದಿನ ಒಬ್ಬ ಸೊಸೆನೂ ಬಂದಿರಲಿಲ್ಲ. ಸರ್ಕಾರವೇ ಬಂತು."

ಎದುರು ಸಾಲಿನಲ್ಲಿ ಬೀಗ ರಿಪೇರಿಯವನ ಅಂಗಡಿಯ ಮೇಲೆ ಒಂದು ಕೋಣೆ ಖಾಲಿಯಿತ್ತು. ಮಂಚವನ್ನು ಮಗನೇ ಹೊತ್ತುಕೊಂಡು ಹೋದ, ಯಾರ ಸಹಾಯವನ್ನೂ ಬೇಡವೆಂದ. ಕಿಟಕಿಗೆ ಪರದೆ ಹಾಕಿಕೊಟ್ಟ, ಒದ್ದೆ ಗೋಡೆಗೆ ಸುಣ್ಣ ಬಳಿದ, ಇನ್ನೇನಾದರೂ ಬೇಕಾ ಎಂದು ಬಾಗಿಲವರೆಗೆ ಹೋಗಿ ಹೋಗಿ ವಾಪಸು ಬಂದು ಕೇಳಿದ. ಚಿಕ್ಕಪ್ಪ ಏನೂ ಬೇಡ, ಇಲ್ಲಿಂದ ಮನೆ ಕಾಣುತ್ತದಲ್ಲ ಎಂದ.

ಅವನಿಗೆ ಬೇರೆ ಅಡುಗೆ ಒಗ್ಗಲಿಲ್ಲ. ಬರಿ ಒಂದು ಪಾತ್ರೆ ನೀರು ಕುದಿಸಿ, ಒಲೆ ಹಚ್ಚಿದ ಶಾಸ್ತ್ರ ಮುಗಿಸಿ, ಅನ್ನಕ್ಕೆ ರಸ್ತೆ ದಾಟಿ ಬರುತ್ತಿದ್ದ. ಯಾರಿಗೆ ಸ್ನಾನ, ದಿನಕ್ಕೆ ಎರಡು ಹೊತ್ತು ನೀರು ಕಾಯಿಸುತ್ತೀಯಲ್ಲ ಎಂದು ಬೀಗದವನು ಕೇಳಿದ. ಮಗಳಿಗೆ ಜೀವ ಕೈಯಲ್ಲಿ ಹಿಡಿದ ಹಾಗಾಗಿತ್ತು. ಉಣ್ಣಲು ಬರುವುದು ತಪ್ಪಲ್ಲ, ಆದರೆ ಅತಿಥಿಯಾಗಿ ಬಂದು ಉಣ್ಣಬೇಕು, ಮನೆಯವನಾಗಿ ಉಣ್ಣಬಾರದು ಎಂದಳು. ಅತಿಥಿಗೂ ಮನೆಯವನಿಗೂ ಅನ್ನ ಬೇರೆಯಾ ಎಂದು ಮನೆಯಾಕೆ ಕೇಳಿದಳು.

"ಅನ್ನ ಅಲ್ಲಮ್ಮ, ಮಾತು. ಅಧಿಕಾರಿ ಜೊತೆ ನಮ್ಮ ಭಾಷೆ ಬರೋ ದುಭಾಷಿ ಇರ್ತಾನೆ. ಯಾರು ಯಾರ ಜೊತೆ ಹೇಗೆ ಮಾತಾಡ್ತಾರೆ, ಅದನ್ನೇ ಮೊದಲು ಬರ್ಕೊಳ್ಳೋದು. ನಾನೂ ಹೋಗಿದ್ದೀನಿ ಆ ಕೆಲಸಕ್ಕೆ. ನನಗೆ ಗೊತ್ತು."

ಬೇರೆಯವರ ಮನೆಗಳಲ್ಲಿ ನಿಂತು ಹಾಗೆ ಕಿವಿಗೊಟ್ಟದ್ದನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಮನೆಯಾಕೆ ಮಗಳ ಮುಖವನ್ನೊಮ್ಮೆ ನೋಡಿ, ಸರಿ ಎಂದಳು.

ಅವರು ಬಂದದ್ದು ಒಂದು ರಜೆಯ ದಿನ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದಾಗ. ಬಾಗಿಲು ತೆರೆದೇ ಇತ್ತು. ಹೆಂಗಸು ಅಧಿಕಾರಿ, ಜೊತೆಗೆ ಅದೇ ಎಳೆಯ ದುಭಾಷಿ. ಮೊದಲು ಎದುರು ಮನೆಗೆ ಹೋಗಿದ್ದೆವು, ಕೋಣೆ ನೋಡಿದೆವು, ಬೀಗದವರು ತೋರಿಸಿದರು ಎಂದಳು ಅಧಿಕಾರಿ. ಕೂತುಕೊಳ್ಳಲು ಒಪ್ಪಲಿಲ್ಲ. ಗೋಡೆಯ ಗೂಟಗಳನ್ನು, ಚಪ್ಪಲಿಗಳನ್ನು, ಮೇಜಿನ ಸುತ್ತಲ ಐದು ಮುಖಗಳನ್ನು ನೋಡಿದಳು. ಚಿಕ್ಕಪ್ಪನ ಕಡೆ ಕೈ ತೋರಿಸಿ, ಇವರು ಇಲ್ಲಿ ದಿನಾ ಬರುತ್ತಾರಾ ಎಂದು ಕೇಳಿದಳು. ಮಗ, ಇವತ್ತು ರಜೆ ಅಂತ ಕರೆದಿದ್ದೆವು ಎಂದ.

ಚಿಕ್ಕಪ್ಪನಿಗೆ ಗಾಬರಿಯಾದರೆ ಕೈಗೆ ಕೆಲಸ ಬೇಕು. ಅನ್ನ ಅರ್ಧ ಉಳಿದಿದ್ದರೂ ಎದ್ದ. ತನ್ನ ತಟ್ಟೆಯ ಮೇಲೆ ಅಣ್ಣನ ತಟ್ಟೆ, ಅದರ ಮೇಲೆ ಮಗನ ತಟ್ಟೆ ಇಟ್ಟುಕೊಂಡು, ಎಡಗೈಯಲ್ಲಿ ಲೋಟಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿಯೂ ಹೋಗಬಲ್ಲವನ ಹಾಗೆ ಅಡುಗೆಮನೆಯ ಕಡೆ ತಿರುಗಿದ. ದುಭಾಷಿ ಅವನನ್ನೇ ನೋಡುತ್ತಿದ್ದ. ಮಗಳ ಮುಖ ಬಿಳುಚಿತು.

"ಅಯ್ಯೋ, ನೀವ್ಯಾಕೆ ಏಳ್ತೀರಿ?" ಎಂದಳು ಮನೆಯಾಕೆ. "ಇಡಿ ಅಲ್ಲಿ. ಕೂತ್ಕೊಳ್ಳಿ. ನಮ್ಮನೇಲಿ ಬಂದೋರ ಕೈಲಿ ತಟ್ಟೆ ತೊಳಿಸಲ್ಲ."

ಚಿಕ್ಕಪ್ಪ ಯಾರಿಗೆ ಹೇಳುತ್ತಿದ್ದಾಳೆಂದು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು. ಅತ್ತಿಗೆ ಅವನನ್ನು ಒಂದು ದಿನವೂ ನೀವು ಎಂದಿರಲಿಲ್ಲ.

ಮಗ ಎದ್ದು ತಟ್ಟೆಗಳನ್ನು ಅವನ ಕೈಯಿಂದ ಬಿಡಿಸಿಕೊಂಡ. ಲೋಟಗಳನ್ನು ಒಂದೊಂದಾಗಿ ಬೆರಳಿಂದ ತೆಗೆದು, ಎಲ್ಲವನ್ನೂ ಅಡುಗೆಮನೆಗೆ ಒಯ್ದ. ಚಿಕ್ಕಪ್ಪ ಕುರ್ಚಿಯ ಅಂಚಿಗೆ ಕೂತು, ಖಾಲಿಯಾದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಬೆನ್ನು ಒರಗಿಸಲಿಲ್ಲ.

"ಊಟ ಚೆನ್ನಾಗಿತ್ತು," ಎಂದ.

"ಏನೋ, ಇದ್ದದ್ದು," ಎಂದಳು ಮನೆಯಾಕೆ. "ನಿಮಗೆ ಸೇರಿತಲ್ಲ, ಸಾಕು."

ದುಭಾಷಿ ಅಧಿಕಾರಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ಆಕೆ ತಲೆಯಾಡಿಸಿ ಬರೆದುಕೊಂಡಳು. ಅಡುಗೆಮನೆಯಲ್ಲಿ ನಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು, ತಟ್ಟೆಯ ಸದ್ದಿರಲಿಲ್ಲ. ಅಧಿಕಾರಿ ಎಲ್ಲರಿಗೂ ವಂದನೆ ಹೇಳಿ, ಬಾಗಿಲು ಹಿಡಿದು, ಚಿಕ್ಕಪ್ಪನ ಕಡೆ ನೋಡುತ್ತ ನಿಂತಳು. ಊಟ ಮುಗಿದಿತ್ತು. ಬಂದವರು ಹೊರಡುವ ಹೊತ್ತು.

ಚಿಕ್ಕಪ್ಪನಿಗೆ ಅರ್ಥವಾಯಿತು. ಎದ್ದು ಚಪ್ಪಲಿ ಮೆಟ್ಟಿಕೊಂಡ. "ಬರ್ತೀನಿ," ಎಂದು ಅಣ್ಣನಿಗೆ ಹೇಳಿದ.

"ಆಗಾಗ ಬರ್ತಾ ಇರಿ," ಎಂದಳು ಮನೆಯಾಕೆ ಬಾಗಿಲಿಗೆ ಬಂದು. ಅವಳ ದನಿ ನೆಟ್ಟಗಿತ್ತು.

"ಆಗಲಿ," ಎಂದ ಚಿಕ್ಕಪ್ಪ. "ನೀವೂ ನಮ್ಮ ಕಡೆ ಬನ್ನಿ." ಅಧಿಕಾರಿಯನ್ನು ಮುಂದೆ ಬಿಟ್ಟು, ದುಭಾಷಿಯನ್ನು ಮುಂದೆ ಬಿಟ್ಟು, ಆ ಮನೆಯ ಮೆಟ್ಟಿಲು ಎಲ್ಲಿ ಕಡಿದಾಗಿದೆಯೋ ಅಲ್ಲಿ ಅವರಿಗೆ ಎಚ್ಚರ ಹೇಳಲು ಬಾಯಿ ತೆರೆದು, ಹೇಳದೆ, ಗೋಡೆ ಹಿಡಿದುಕೊಂಡು ಹೊಸಬನ ಹಾಗೆ ಒಂದೊಂದೇ ಮೆಟ್ಟಿಲು ಇಳಿದ.